ನಾಲ್ಕಿಂಚಿನ ಪಾಪಣ್ಣ

ನಮ್ಮ ದೊಡ್ಡಪ್ಪನ ಮಗ ಪಾಪಣ್ಣನಂಥ ದಡ್ಡ ಧರ್ಮಪುರಿ ಸೀಮೆಯನ್ನೆಲ್ಲ ಜಾಲಾಡಿದರೂ ಸಿಗಲಾರ. ಮೆಟ್ಟೂರಿನಲ್ಲಿ ಅಣೆಕಟ್ಟೆ ಕಟ್ಟುವಾಗ ಒಬ್ಬ ದೊರೆಯ ಬಂಗಲೆ ತೋಟಕ್ಕೆ ಆರು ತಿಂಗಳು ನೀರು ಹೊತ್ತ. ಹೊತ್ತದ್ದು ನೀರು, ಅಷ್ಟೇ. ಕಟ್ಟೆ ಮುಗಿದು ಊರಿಗೆ ಬಂದವನು ಮಾತ್ರ ತೋಟದ ಮೇಸ್ತ್ರಿ! ದೊರೆ ಬಿಸಾಡಿದ ಕಾಕಿ ಚಡ್ಡಿ, ಕಂಕುಳಲ್ಲಿ ಇಂಚಿನ ಗೀಟು ಹಾಕಿದ ಮುರುಕು ಅಳತೆಕೋಲು.

ಆ ಬಂಗಲೆಯಲ್ಲಿ ಹೂವಿನ ಗೆಡ್ಡೆಗಳನ್ನು ನಾಲ್ಕಿಂಚು ಆಳಕ್ಕೆ ಹೂಳುವುದನ್ನು ಕಂಡಿದ್ದನಂತೆ. ಅವನ ವಿದ್ಯೆ ಅಲ್ಲಿಗೆ ಮುಗಿಯಿತು. ಅವರೆಯಾಗಲಿ, ಕುಂಬಳವಾಗಲಿ, ದಂಟಾಗಲಿ, ಈ ಮಹಾನುಭಾವನಿಗೆ ಎಲ್ಲವೂ ನಾಲ್ಕಿಂಚು.

ನಾನು ಸುಮ್ಮನೆ ಬೈಯುತ್ತಿಲ್ಲ. ನನ್ನ ಹೆಂಡತಿ ಮಾದಮ್ಮನ ತವರೂರು ಆ ಅಣೆಕಟ್ಟೆಯ ನೀರಿನಲ್ಲಿ ಮುಳುಗಿತು. ಊರು ಬಿಡುವ ದಿನ ಅವಳ ತಾಯಿ ಒಂದು ಹಿಡಿ ಬದನೆ ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟಿದ್ದಳು. ಸ್ವಲ್ಪ ದಿನಕ್ಕೆ ಆಕೆಯೂ ತೀರಿಕೊಂಡಳು. ಬಿಳಿ ಗೀರಿನ ಆ ಗುಂಡು ಬದನೆಯನ್ನು ನಾನು ಬೇರೆಲ್ಲೂ ಕಂಡವನಲ್ಲ. ತವರು ಅಂತ ಮಾದಮ್ಮನಿಗೆ ಉಳಿದದ್ದು ಆ ಗಂಟೊಂದೇ.

ಮೂವತ್ತೈದನೆಯ ಇಸವಿ, ಆಡಿ ಹದಿನೆಂಟು, ನಮ್ಮ ಕಡೆ ಬೀಜ ಬಿತ್ತುವ ಹಬ್ಬದ ಬೆಳಿಗ್ಗೆ. ಬೀಜ ಉದುರಿಸಿ, ಮೇಲೆ ಜರಡಿ ಹಿಡಿದ ಗೊಬ್ಬರವನ್ನು ತೆಳ್ಳಗೆ ಚೆಲ್ಲೋಣವೆಂದು ಅವಳು ಮಡಿಯ ಮುಂದೆ ಕೂತಿದ್ದಳು. ಅಷ್ಟರಲ್ಲಿ ಪಾಪಣ್ಣ ಕೋಲು ಹಿಡಿದು ವಕ್ಕರಿಸಿದ.

"ಅಯ್ಯೋ, ಮೇಲ್ಮೇಲೆ ಆಕಿದ್ರೆ ಕೋಳಿ ಕೆದಕ್ತೈತೆ ಕಣಮ್ಮ! ನಾಕಿಂಚು ಓಗ್ಬೇಕು. ದೊರೆ ತೋಟದಾಗೆ ಅಂಗೇ ರೂಲು."

ಮಾದಮ್ಮ ಸೆರಗು ಹೊದ್ದು ಎದ್ದು ನಿಂತಳು. ಗಂಡನ ಅಣ್ಣನಿಗೆ ಎದುರು ಮಾತಾಡುವುದು ನಮ್ಮ ಹೆಂಗಸರಲ್ಲಿ ಇಲ್ಲ. ಅವಳು ನನ್ನ ಮುಖ ನೋಡಿದಳು. ನಾನೆಂಥ ಗಂಡಸೋ, ಕಾಕಿ ಚಡ್ಡಿ ಕಂಡು ಬಾಯಿ ಮುಚ್ಚಿಕೊಂಡಿದ್ದೆ! ಆ ಭೂಪ ಕೋಲಿನಿಂದ ಚುಚ್ಚಿ ಚುಚ್ಚಿ, ಎಳ್ಳಿನಷ್ಟು ಬೀಜವನ್ನು ಹೆಣ ಹೂತಂತೆ ಹೂತು, ಮೇಲೆ ಕಾಲಲ್ಲಿ ತುಳಿದು ಹೋದ.

ಇಪ್ಪತ್ತು ದಿನ ನೀರು ಹಾಕಿದಳು. ಒಂದೂ ಏಳಲಿಲ್ಲ.

"ಬೀಜಾನೇ ಸೊತ್ತೆ, ಬರೀ ಜೊಳ್ಳು," ಅಂದ ಪಾಪಣ್ಣ, ನಮ್ಮ ಮನೆ ಮಜ್ಜಿಗೆಯನ್ನೇ ಕುಡಿಯುತ್ತಾ. ಥೂ ಅವನ ಜನ್ಮಕ್ಕೆ! ಮಾದಮ್ಮ ಒಳಗೆ ಹೋಗಿ ಅತ್ತಳು. ನನಗೆ ಅವಳ ಎದುರು ನಿಲ್ಲಲು ನಾಚಿಕೆಯಾಯಿತು.

ಬಿತ್ತಿದ ದಿನವೇ ಅವಳು ಆ ಖಾಲಿ ಬಟ್ಟೆಯನ್ನು ಬಚ್ಚಲ ಪಕ್ಕ ಕೊಡವಿದ್ದಳು. ಅಂಚಿನಲ್ಲಿ ಸಿಕ್ಕಿಕೊಂಡಿದ್ದ ಬೀಜ ಉದುರಿತ್ತೋ ಏನೋ, ತಿಂಗಳು ಕಳೆದ ಮೇಲೆ ನೋಡಿದರೆ ಅಲ್ಲಿ ಎರಡು ಬದನೆ ಸಸಿ! ಯಾರೂ ಅಳೆಯಲಿಲ್ಲ, ಹೂಳಲಿಲ್ಲ. ಕಾರ್ತಿಕದ ಹೊತ್ತಿಗೆ ಬಿಳಿ ಗೀರಿನ ಕಾಯಿ ಹೊತ್ತು ಗಿಡ ವಾಲತೊಡಗಿತು.

ಪಾಪಣ್ಣ ಬಂದ. ನಾಚಿಕೆ ಬೇಡವೇ, ಗಿಡದ ಬುಡದಲ್ಲಿ ಕೋಲಿಟ್ಟ.

"ಯಾರು ನೆಟ್ಟಿದ್ದು? ನಾಕಿಂಚು ಐತಾ?"

ಮಾದಮ್ಮ ಒಳಗಿನಿಂದ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅವನ ಕೈಯಿಂದ ಕೋಲು ಕಿತ್ತುಕೊಂಡು, ಗಿಡದ ಪಕ್ಕ ನೆಲಕ್ಕೆ ಗುದ್ದಿ ನಿಲ್ಲಿಸಿ, ವಾಲಿದ ಗಿಡವನ್ನು ಬಾಳೆ ನಾರಿನಿಂದ ಅದಕ್ಕೆ ಕಟ್ಟಿದಳು.

"ಈಗ ನಾಕಿಂಚು ಓಗೈತೆ, ನೋಡ್ಕಳಿ ಭಾವ," ಅಂದಳು.