ಲ್ಯಾಪ್‌ಟಾಪ್ ಹೊಟ್ಟೆಯ ಟಿಕೆಟ್

ಲ್ಯಾಪ್‌ಟಾಪ್ ಕಂಡರೆ ಜನ ಟೈಪ್‌ರೈಟರ್ ಅನ್ನುತ್ತಿದ್ದ ಕಾಲ. ನನ್ನ ಮುದಿ ಲ್ಯಾಪ್‌ಟಾಪಿನಲ್ಲಿ ಮೆಮೊರಿ ಕೂರುವ ಸ್ಲಾಟ್ ಸಡಿಲವಾಗಿತ್ತು. ಆನ್ ಮಾಡಿದರೆ ಮೂರು ಸಲ ಕೀಂಯ್ ಎಂದು ಅರಚಿ ಸುಮ್ಮನಾಗುತ್ತಿತ್ತು. ಅವತ್ತು ಹರಿಹರದ ವರ್ಕ್‌ಶಾಪೊಂದರಲ್ಲಿ ಅದರೊಳಗಿನ ಡ್ರಾಯಿಂಗ್ ತೋರಿಸದಿದ್ದರೆ ಆರ್ಡರ್ ಕೈತಪ್ಪುತ್ತಿತ್ತು. ದಾವಣಗೆರೆಯಲ್ಲಿ ಬಸ್ ಹತ್ತಿದವನೇ ಲ್ಯಾಪ್‌ಟಾಪಿಗೆ ಗುದ್ದತೊಡಗಿದೆ.

ಪಕ್ಕದಲ್ಲಿ ಕೂತಿದ್ದವರು ಭಾನುವಳ್ಳಿಯ ರೇಡಿಯೊ ರಿಪೇರಿಯವರು. "ಹೊಡೀಬ್ಯಾಡ್ರಿ, ಕೊಡ್ರಿ ಇಲ್ಲಿ" ಎಂದು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಅಡಿಯ ಮುಚ್ಚಳ ಬಿಚ್ಚಿ, ನನ್ನ ಬಸ್ ಟಿಕೆಟ್ಟನ್ನೇ ಮಡಚಿ ಸ್ಲಾಟಿನ ಸಂದಿಗೆ ತುರುಕಿದರು. ಲ್ಯಾಪ್‌ಟಾಪ್ ಎದ್ದಿತು! ನಾನು ಕೈ ಮುಗಿಯುವಷ್ಟರಲ್ಲಿ ಚೆಕಿಂಗ್ ಸಾಹೇಬರು ಬಸ್ ಹತ್ತಿದರು.

"ಟಿಕೆಟ್ ತೋರಸ್ರಿ."

"ಇದರೊಳಗೆ ಐತ್ರಿ ಸಾರ್. ತೆಗೆದ್ರೆ ಮಿಷನ್ ಸಾಯ್ತದೆ."

"ಇಪ್ಪತ್ತು ವರ್ಷದಾಗ ಇಂಥ ಸುಳ್ಳು ಕೇಳಿರಲಿಲ್ಲ ನೋಡ್ರಿ!"

ರಿಪೇರಿಯವರು ಲ್ಯಾಪ್‌ಟಾಪನ್ನು ಮಗುಚಿ ಹಿಡಿದರು. ಸಾಹೇಬರು ಕನ್ನಡಕ ಏರಿಸಿ, ಅದರ ಹೊಟ್ಟೆಯೊಳಗೆ ಇಣುಕಿ, ಟಿಕೆಟ್ಟಿನ ಅಂಚಿಗೆ ಪೆನ್ನಿನಿಂದ ಗೀಟೆಳೆದರು. "ಹರಿಹರ ತನಕ ಅಷ್ಟೇ ಐತೆ. ಮುಂದಕ್ಕೆ ನಡೆಯಂಗಿಲ್ಲ" ಎಂದು ಎಚ್ಚರಿಸಿ ಇಳಿದುಹೋದರು.

ಅಧಿಕಾರಿಯ ಮಾತು ಅಂದರೆ ಹಾಗಿರಬೇಕು. ಹರಿಹರ ಸ್ಟ್ಯಾಂಡಿನಲ್ಲಿ ಬಸ್ ಜರ್ಕು ಹೊಡೆದು ನಿಂತಿತು, ಲ್ಯಾಪ್‌ಟಾಪೂ ತಣ್ಣಗೆ ನಿಂತಿತು.