ಟೈಲರಮ್ಮನ ವೆನಿಲ್ಲಾ ಬಳ್ಳಿ

ಟೈಲರಮ್ಮನ ಹಿತ್ತಿಲಿಗೆ ಹೋದವರು ಏನನ್ನಾದರೂ ಬಾಯಿಗೆ ಹಾಕಿಕೊಳ್ಳದೆ ಬರುವಂತಿರಲಿಲ್ಲ. ಖಾರ ರುಚಿಯ ಕಿತ್ತಳೆ ಬಣ್ಣದ ಹೂವು, ಹುಳಿ ಎಲೆಯ ನೇರಳೆ ಬಣ್ಣದ ಗಿಡ, ಸೌತೆಕಾಯಿ ವಾಸನೆಯ ನೀಲಿ ಹೂವು. "ತಿನ್ನಿ, ದಿನಾ ತಿನ್ನೋ ನಾನಿನ್ನೂ ಸತ್ತಿಲ್ಲವಲ್ಲ" ಎಂದು ನಗಿಸಿ ತಿನ್ನಿಸುತ್ತಿದ್ದಳು.

ಅವಳ ಮಾತು ಕೇಳದೆ ಇದ್ದದ್ದು ಹಿಂದಿನ ಗೋಡೆಗೆ ಹಬ್ಬಿದ ವೆನಿಲ್ಲಾ ಬಳ್ಳಿ ಒಂದೇ. ಎಂಟು ವರ್ಷ ಸಾಕಿದರೂ ಒಂದು ಕಾಯಿಯೂ ಇಲ್ಲ. ಆ ಗೋಡೆಯ ಮೇಲೆ ಮೈದುನನಿಗೆ ಕಣ್ಣು. ಅಲ್ಲಿ ತಗಡು ಹೊದಿಸಿ ಸ್ಕೂಟರ್ ನಿಲ್ಲಿಸಬೇಕೆಂದಿದ್ದ.

"ಅತ್ತಿಗೆ, ಈ ಸಲವೂ ಕಾಯಿ ಬಿಡ್ಲಿಲ್ಲ ಅಂದ್ರೆ ನಾನೇ ಕೀಳ್ತೀನಿ. ಆಮೇಲೆ ಮುಖ ಊದಿಸ್ಕೋಬಾರ್ದು."

"ಬಿಟ್ರೆ?"

"ಬಿಟ್ರೆ ಆ ಗೋಡೆ ಕಡೆ ತಲೆ ಹಾಕಿಯೂ ಮಲಗಲ್ಲ."

ಆ ವರ್ಷವೇ ಬಳ್ಳಿ ಮೊಗ್ಗು ಬಿಟ್ಟಿತು. ಟೈಲರಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ಬೆಳಿಗ್ಗೆ ಅರಳಿದ ಹೂವು ಮಧ್ಯಾಹ್ನಕ್ಕೆ ಮುದುಡಿ ಮಾರನೆಯ ದಿನ ಉದುರಿಹೋಯಿತು. ಎರಡನೆಯದೂ ಅಷ್ಟೇ. ಬೀಜ ಮಾರುವವಳನ್ನು ಕೇಳಿದಳು.

"ಅದಕ್ಕೆ ಬೇಕಾದ ದುಂಬಿ ಇಲ್ಲಿಲ್ಲಮ್ಮ, ನೀವೇ ಪರಾಗ ಮುಟ್ಟಿಸ್ಬೇಕು. ಹೂವಿನೊಳಗೆ ತೆಳ್ಳನೆ ಪರದೆ ಇರುತ್ತೆ. ಅದನ್ನ ಮೇಲೆತ್ತಿ ಪರಾಗ ಒತ್ತಿಬಿಡಿ. ಬಿಸಿಲೇರೋದ್ರೊಳಗೆ ಆಗ್ಬೇಕು."

"ಅಷ್ಟೇನಾ? ಸೂಜಿ ಹಿಡಿದೇ ಮುದುಕಿಯಾದವಳು ನಾನು!"

ಆದರೆ ಕೈಯ ಅಭ್ಯಾಸ ಬಿಡಬೇಕಲ್ಲ, ಸೂಜಿಯ ಮೊನೆಯೇ ಮುಂದಾಗಿ ಹೋಯಿತು. ಪರದೆ ಹರಿಯಿತು. ಹೀಗೆ ಒಂದಲ್ಲ, ಆರು ಹೂವು ಹಾಳಾದವು.

"ಪಾಪ, ಸಾಲಾಗಿ ಎಲ್ಲಕ್ಕೂ ಇಂಜೆಕ್ಷನ್ನು!" ಎಂದು ಮೈದುನ ನಕ್ಕು, ತಗಡಿಗೆ ಹೇಳಿಯೇ ಬಿಟ್ಟ.

ಉಳಿದದ್ದು ಮೂರು ಮೊಗ್ಗು. ಸಂಜೆ ಅಂಗಡಿಯಲ್ಲಿ ರೇಷ್ಮೆ ರವಿಕೆಯ ಕಾಲರಿನ ಮೂಲೆ ತಿರುವುತ್ತಿದ್ದ ಟೈಲರಮ್ಮನ ಕೈ ತಟ್ಟನೆ ನಿಂತಿತು. ಬಟ್ಟೆ ಹರಿಯದಿರಲೆಂದು ಅವಳು ಸೂಜಿಯನ್ನು ತಿರುಗಿಸಿ, ದಾರ ಪೋಣಿಸುವ ಮೊಂಡು ತುದಿಯಿಂದ ಒತ್ತುತ್ತಿದ್ದಳು. "ರೇಷ್ಮೆಗೆ ತೋರಿಸೋ ಮರ್ಯಾದೆ ಹೂವಿಗೆ ತೋರಿಸ್ಲಿಲ್ವಲ್ಲ!"

ಮೂರು ಬೆಳಿಗ್ಗೆ, ದಿನಕ್ಕೊಂದು ಹೂವು. ಉಸಿರು ಬಿಗಿಹಿಡಿದು, ಮೊಂಡು ತುದಿಯಿಂದ ಪರದೆ ಎತ್ತಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ವಾರ ಕಳೆಯಿತು. ಹೂವುಗಳು ಒಣಗಿದವೇ ಹೊರತು ಉದುರಲಿಲ್ಲ.

ತಗಡು ಹೊತ್ತು ಬಂದ ಮೈದುನ ಬಗ್ಗಿ ಒಂದು ಒಣ ಹೂವನ್ನು ಊದಿದ. ಅಲುಗಾಡಿತು, ಬೀಳಲಿಲ್ಲ. ಅದರ ಹಿಂದೆ ಬೆರಳುದ್ದದ ಹಸಿರು ಕಾಯಿ.

"ಒಂದೇನಾ, ಅತ್ತಿಗೆ?"

"ಮೂರು! ಬೇಕಾದ್ರೆ ಕನ್ನಡಕ ಹಾಕ್ಕೊಂಡು ಎಣಿಸ್ಕೋ."

ಅವನು ಎಣಿಸಿದ. ಎರಡು ಸಲ ಎಣಿಸಿದ. ಆಮೇಲೆ ತಗಡನ್ನು ಸದ್ದಿಲ್ಲದೆ ಮತ್ತೆ ಹೆಗಲಿಗೇರಿಸಿದ.

"ಸೋತೆ ಅಂತ ಬಾಯ್ಬಿಟ್ಟು ಹೇಳೋ!"

"ಸೋತೆ, ಸೋತೆ. ಬೀದಿಗೆಲ್ಲ ಕೇಳ್ಸೋ ಹಾಗೆ ಕೂಗ್ಬೇಡಿ."

"ಕೂಗದೆ ಇರ್ತೀನಾ? ಎಂಟು ವರ್ಷ ಆಯ್ತು ಕಣೋ!" ಎಂದವಳೇ ಟೈಲರಮ್ಮ ಬೀದಿ ಬಾಗಿಲಿಗೆ ಓಡಿದಳು, ಸೂಜಿ ಕೈಯಲ್ಲೇ ಇತ್ತು.