ಮೂಸಬಾರದ ಸೊಪ್ಪು

ಶ್ರೀಲತಾ ಸೊರಬದ ಕಡೆಯ ಆ ಹಳ್ಳಿಗೆ ಸೊಸೆಯಾಗಿ ಬಂದದ್ದು ತೊಂಬತ್ಮೂರರಲ್ಲಿ. ಶಿರಾಳಕೊಪ್ಪದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಹುಚ್ಚರಾಯಪ್ಪನವರ ಮಗಳು ಅವಳು. ಸೊಪ್ಪು ಅಂದರೆ ಸಂತೆಯಲ್ಲಿ ಕಟ್ಟು ಕಟ್ಟಿ ಗುಡ್ಡೆ ಹಾಕಿರುವ ಮೆಂತೆ, ಪಾಲಕ್, ಸಬ್ಬಸಿಗೆ, ಅಷ್ಟೇ ಅವಳ ಲೆಕ್ಕ. ಬೇಲಿ ಬುಡದಲ್ಲಿ, ಗದ್ದೆ ಬದುವಿನಲ್ಲಿ, ಗುಡ್ಡದ ಓರೆಯಲ್ಲಿ ತಾನಾಗಿ ಹುಟ್ಟುವ ಎಲೆಯನ್ನೂ ಮನುಷ್ಯರು ತಿನ್ನುತ್ತಾರೆ ಎಂಬುದು ಅತ್ತೆ ಗುಡ್ಡಮ್ಮನ ಕೈಗೆ ಸಿಕ್ಕಮೇಲೆಯೇ ತಿಳಿದದ್ದು.

ಗುಡ್ಡಮ್ಮನದು ಖಾರದ ಬಾಯಿ. ಕಲಿಸುವುದೂ ಬೈದೇ. ಮಳೆ ಹಿಡಿದ ಮೇಲೆ ಕಳಲೆ. ಹೆಚ್ಚಿ ಮೂರು ದಿನ ನೀರಲ್ಲಿಟ್ಟು ದಿನಾ ನೀರು ಚೆಲ್ಲಬೇಕು. ಆಷಾಢದಲ್ಲಿ ಕೆಸು; ಹುಳಿ ಕಡಿಮೆ ಬಿದ್ದರೆ ಗಂಟಲೆಲ್ಲ ಕೆರೆತ. ಶ್ರೀಲತಾ ಮೂರು ವರ್ಷ ಅವಳ ಹಿಂದೆ ಹಿಂದೆ ಬುಟ್ಟಿ ಹಿಡಿದು ತಿರುಗಿ, ತಪ್ಪಿದಾಗಲೆಲ್ಲ ಬೈಸಿಕೊಂಡು, ನಲವತ್ತು ಬಗೆ ಎಲೆ ಕಲಿತಳು.

"ಕಣ್ಣು ನಂಬಬ್ಯಾಡ ಮಾರಾಯ್ತಿ. ಎಲೆ ತಿಕ್ಕಿ ಮೂಸು. ಮೂಗು ಸುಳ್ಳು ಹೇಳಾದಿಲ್ಲ," ಎನ್ನುತ್ತಿದ್ದಳು ಗುಡ್ಡಮ್ಮ. ಅತ್ತೆ ಪ್ರತಿ ಎಲೆಯನ್ನೂ ಮೂಗಿಗೆ ಹಿಡಿಯುವುದು ಯಾಕೆಂದು ಶ್ರೀಲತಾ ಯಾವತ್ತೂ ಯೋಚಿಸಲಿಲ್ಲ. ಅದೂ ಒಂದು ವಿದ್ಯೆ ಅಂದುಕೊಂಡಳು.

ವರ್ಷದಲ್ಲಿ ಒಂದು ಸೊಪ್ಪನ್ನು ಮಾತ್ರ ಮೂಸುವ ಹಾಗಿಲ್ಲ. ಅದು ಭೂಮಿ ಹುಣ್ಣಿಮೆಯದು. ದಸರೆ ಕಳೆದು, ಬತ್ತದ ಪೈರು ಹೊಡೆ ತುಂಬಿ ನಿಂತಾಗ ಭೂಮಿತಾಯಿ ಬಸುರಿ ಎಂದು ಲೆಕ್ಕ. ಅವಳಿಗೆ ಬಯಕೆಯ ಊಟ ಮಾಡಿ, ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ರ ಬರೆದ ಬುಟ್ಟಿಯಲ್ಲಿ ಗದ್ದೆಗೆ ಹೊತ್ತು, ಬೆರಕೆ ಸೊಪ್ಪನ್ನು ಚರಗವೆಂದು ಪೈರಿಗೆ ಚೆಲ್ಲಿ, ಆಮೇಲೆ ಮನೆಯವರು ಉಣ್ಣಬೇಕು. ಬಸುರಿ ಉಣ್ಣುವ ಮೊದಲು ಅವಳ ಊಟದ ವಾಸನೆ ಇನ್ನೊಬ್ಬರು ತೆಗೆದುಕೊಂಡರೆ ಅದು ಎಂಜಲಿಗೆ ಸಮ. ಹಾಗಾಗಿ ಆ ಸೊಪ್ಪನ್ನು ಕಣ್ಣಲ್ಲೇ ನೋಡಿ ಆರಿಸಬೇಕು. ಕೇರಿಯ ಹೆಂಗಸರೆಲ್ಲ ಹಿಂದಿನ ಮಧ್ಯಾಹ್ನ ತಮ್ಮ ಸೊಪ್ಪು ತಂದು ಗುಡ್ಡಮ್ಮನ ಜಗಲಿಯಲ್ಲಿ ಸುರಿಯುತ್ತಿದ್ದರು. ಅವಳು ಕೈಯಾಡಿಸಿ ಸರಿ ಅಂದಮೇಲೆಯೇ ಅದು ಅವರವರ ಮನೆಯ ಒಲೆಗೆ.

ತೊಂಬತ್ತಾರರಲ್ಲಿ ಶ್ರೀಲತಾ ಈಳಿಗೆ ಮುಂದೆ ಕೂತು ಹೆಚ್ಚುತ್ತಿದ್ದಾಗ ಒಂದು ಹಿಡಿ ಎಳೆ ಗಿಡ ಕೈಗೆ ಬಂತು. ಗಣಿಕೆ ಸೊಪ್ಪಿನ ಹಾಗೇ ಇತ್ತು, ಆದರೆ ಎಲೆ ತುಸು ಅಗಲ, ಅಂಚು ಬೇರೆ ಥರ.

"ಅತ್ತೆ, ಇದು ಗಣಿಕೆನಾ?"

ಗುಡ್ಡಮ್ಮ ಎಲೆಯ ಮೇಲೆ ಹೆಬ್ಬೆರಳು ಓಡಿಸಿದಳು. ಬೆಳಕಿಗೆ ಹಿಡಿದಳು. ರೂಢಿಯಿಂದ ಮೂಗಿನವರೆಗೆ ಒಯ್ದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿ ಕೆಳಗಿಳಿಸಿದಳು.

"ಗಣಿಕೆ ಅಲ್ದೆ ಮತ್ತೆಂತ? ಮೂರು ವರ್ಷ ಆತು, ಇನ್ನೂ ಸಂತೆ ಸೊಪ್ಪಿನ ಬುದ್ಧಿ ಹೋಗ್ಲಿಲ್ಲ ನಿಂದು. ಹೆಚ್ಚು."

ಶ್ರೀಲತಾ ಹೆಚ್ಚಿದಳು. ಅಲ್ಲಾ, ಇನ್ನೊಂದು ಸಲ ಕೇಳಬಾರದಿತ್ತೇ ಎಂದು ಈಗ ಯಾರು ಬೇಕಾದರೂ ಹೇಳಬಹುದು. ಆ ಬಾಯಿಯ ಮುಂದೆ ಕೂತವರಿಗೆ ಗೊತ್ತು ಅದರ ಕಷ್ಟ.

ಮರುದಿನ ಗದ್ದೆಯಲ್ಲಿ ಚರಗ ಚೆಲ್ಲಿ ಆದಮೇಲೆ ಗುಡ್ಡಮ್ಮನ ಮಗ ಶಿವರಾಮ ಮೊದಲು ಉಣ್ಣಲು ಕೂತ. ಗುಡ್ಡಮ್ಮನಿಗೆ ಆ ದಿನ ಸಂಜೆಯವರೆಗೆ ಉಪವಾಸ. ಶ್ರೀಲತಾ ಗಂಡನಿಗೆ ಬಡಿಸುತ್ತ ನಿಂತಿದ್ದಳು. ಸೊಪ್ಪಿನ ಪಲ್ಯ ಅವನಿಗೆ ಪ್ರಾಣ, ಎರಡು ಸಲ ಹಾಕಿಸಿಕೊಂಡ. ಅವಳು ತನ್ನ ಎಲೆ ಹಾಸುವ ಹೊತ್ತಿಗೆ ಅವನು ನೀರು ಬೇಕು ಅಂದ. ಚೊಂಬು ಖಾಲಿ ಮಾಡಿ ಮತ್ತೆ ನೀರು ಅಂದ. ಆಮೇಲೆ ಬದುವಿನ ಕಡೆ ನೋಡಿ, "ಅಪ್ಪ ಬಂದು ಕೂತಿದಾನೆ, ಅವನಿಗೂ ಬಡಿಸೇ," ಅಂದ. ಅಪ್ಪ ಸತ್ತು ಒಂಬತ್ತು ವರ್ಷವಾಗಿತ್ತು. ಗಾಳಿಯಲ್ಲಿ ಏನನ್ನೋ ಹೆಕ್ಕುತ್ತ, ಕಣ್ಣು ಅಗಲ ಮಾಡಿಕೊಂಡು, ಅವನು ಹೆಂಡತಿಯ ಗುರುತು ಹಿಡಿಯದೆ ಹೋದ.

ಟೆಂಪೋದಲ್ಲಿ ಹಾಕಿಕೊಂಡು ಸೊರಬಕ್ಕೆ, ಅಲ್ಲಿಂದ ಶಿವಮೊಗ್ಗಕ್ಕೆ ಓಡಿದರು. ಸೊಪ್ಪಿನ ಜೊತೆ ವಿಷದ ಉಮ್ಮತ್ತಿ ಸೇರಿದೆ, ಎಂದರು ಡಾಕ್ಟರು. ಮೂರನೆಯ ದಿನ ಅವನು ಮನುಷ್ಯನಾದ. ಆಸ್ಪತ್ರೆಗೆ ನೋಡಲು ಬಂದ ಪಕ್ಕದ ಮನೆಯ ಲೋಕಮ್ಮ ಕೇಳಿದಳು, "ಸೊಪ್ಪು ಹೆಚ್ಚಿದ್ದು ಯಾರು?"

"ಸೊಸೆ," ಎಂದಳು ಗುಡ್ಡಮ್ಮ.

ಸುಳ್ಳಲ್ಲವಲ್ಲ. ಹೆಚ್ಚಿದ್ದು ಸೊಸೆಯೇ. ಶ್ರೀಲತಾ ಅತ್ತೆಯ ಮುಖ ನೋಡಿದಳು, ಇನ್ನೊಂದು ಮಾತು ಬರುತ್ತದೆಂದು ಕಾದಳು. ಗುಡ್ಡಮ್ಮ ಸೆರಗಿನಿಂದ ಮಗನ ಹಣೆ ಒರೆಸುತ್ತ ಕೂತಳು. ಊರು ಮುಟ್ಟುವಷ್ಟರಲ್ಲಿ ಆ ಒಂದು ಮಾತಿಗೆ ಕೈಕಾಲು ಬಂದಿತ್ತು. ಪೇಟೆಯ ಹುಡುಗಿ ಗೊತ್ತಿಲ್ಲದೆ ಹಾಕಿದಳು ಅಂದರು ಕೆಲವರು. ಗೊತ್ತಿದ್ದೇ ಹಾಕಿರಬಹುದು ಅಂದರು ಇನ್ನು ಕೆಲವರು.

ಊರಿನವರ ಬಾಯಿ ಹಾಳಾಗಲಿ. ಅವಳನ್ನು ಸುಟ್ಟದ್ದು ಗಂಡನ ಮಾತು.

"ಅತ್ತೆಗೆ ತೋರಿಸಿ ಕೇಳಿಯೇ ಹೆಚ್ಚಿದ್ದು ಕಣ್ರೀ. ನೀವೂ ನಂಬಲ್ವಾ?"

"ಅವ್ವನಿಗೆ ಉಮ್ಮತ್ತಿ ಗೊತ್ತಾಗಲ್ವೇನೇ? ಆಗಿದ್ದು ಆಯ್ತು, ಬಿಡು. ನಾನೇನು ಬೈದ್ನಾ?"

ಬೈದಿದ್ದರೇ ಚೆನ್ನಾಗಿತ್ತು. ಅವನು ಬೈಯಲಿಲ್ಲ. ಊಟಕ್ಕೆ ಕೂತು ಸುಮ್ಮನೆ ಕಲಸುತ್ತಿದ್ದ. ಅವಳು ತನ್ನ ತಟ್ಟೆಯಿಂದ ಒಂದು ತುತ್ತು ಬಾಯಿಗಿಟ್ಟು ನುಂಗಿದ ಮೇಲೆ ಅವನ ಕೈ ಮೇಲೇಳುತ್ತಿತ್ತು. ಮೊದಲ ವಾರ ಅದು ಆಕಸ್ಮಿಕ ಅಂದುಕೊಂಡಳು. ಎರಡನೆಯ ವಾರ ಗೊತ್ತಾಯಿತು. ಅವನಿಗೂ ನಾಚಿಕೆಯೇ, ತಲೆ ಎತ್ತುತ್ತಿರಲಿಲ್ಲ. ಒಂದು ವರ್ಷ, ಎರಡು ಹೊತ್ತು, ಅವಳು ಹಸಿವಿಲ್ಲದಿದ್ದರೂ ಗಂಡನಿಗೋಸ್ಕರ ಮೊದಲ ತುತ್ತು ನುಂಗಿದಳು. ಶಿರಾಳಕೊಪ್ಪದಿಂದ ಅವಳ ಅಪ್ಪ ಕರೆಯಲು ಬಂದರು. ಈಗ ಹೋದರೆ ವಿಷ ಇಟ್ಟವಳು ಓಡಿಹೋದಳು ಅಂತಾಗುತ್ತದೆ, ಬರಲ್ಲ ಅಂದಳು.

ಮತ್ತೆ ಭೂಮಿ ಹುಣ್ಣಿಮೆ ಬಂತು. ಸೊಪ್ಪು ಮುಟ್ಟಬೇಡ, ನೀನು ಬುಟ್ಟಿ ಬರೆ ಎಂದು ಅವಳನ್ನು ಜಗಲಿಯ ಮೂಲೆಯಲ್ಲಿ ಕೂರಿಸಿದ್ದರು. ಹೆಂಗಸರ ರಾಶಿಯೆಲ್ಲ ಗುಡ್ಡಮ್ಮನ ಮುಂದೆ. ಶ್ರೀಲತಾ ಬುಟ್ಟಿಯ ಮೇಲೆ ಬರೆದ ಬತ್ತದ ತೆನೆಗೆ ಕಾಳಿನ ಚುಕ್ಕೆ ಇಡುತ್ತಿದ್ದಾಗ ಲೋಕಮ್ಮನ ರಾಶಿಯಲ್ಲಿ ಅದೇ ಎಳೆ ಗಿಡ ಕಂಡಿತು. ಅದೇ ಅಗಲ, ಅದೇ ಅಂಚು. ಗುಡ್ಡಮ್ಮ ಅದನ್ನು ಎತ್ತಿದಳು. ಹೆಬ್ಬೆರಳು ಓಡಿಸಿದಳು. ಕೈ ಮೂಗಿನ ಕಡೆ ಅರ್ಧ ದೂರ ಹೋಗಿ ನಿಂತಿತು, ಕೆಳಗಿಳಿಯಿತು. ಎಲೆ ಸರಿಯಿದ್ದ ಸೊಪ್ಪಿನ ಕಡೆ ಬಿತ್ತು.

ಆಗ ಅವಳಿಗೆ ಎಲ್ಲ ತಿಳಿಯಿತು. ಅತ್ತೆಗೆ ಕಣ್ಣು ಕಾಣುವುದಿಲ್ಲ. ವರ್ಷವಿಡೀ ಮೂಗಿನಿಂದ ಬದುಕುತ್ತಿದ್ದಾಳೆ, ಈ ಒಂದು ದಿನ ಮೂಗೂ ಇಲ್ಲ.

ಸುಮ್ಮನಿದ್ದುಬಿಡು, ಅಂದಿತು ಮನಸ್ಸು. ಈ ಸಲ ಹೆಚ್ಚುವುದು ಲೋಕಮ್ಮ, ನಿನ್ನ ಹೆಸರು ತನ್ನಿಂದ ತಾನೇ ತೊಳೆದುಹೋಗುತ್ತದೆ. ಹೌದು, ಹಾಗೂ ಅಂದುಕೊಂಡಳು, ಅದನ್ನು ಮುಚ್ಚಿಡುವುದೇಕೆ? ಆದರೆ ಲೋಕಮ್ಮನ ಮನೆಯಲ್ಲಿ ನಾಲ್ಕು ಮಕ್ಕಳು ಉಣ್ಣುವವು. ಅವಳು ಎದ್ದು ಬಂದು ಆ ಎಲೆ ಎತ್ತಿ, ಅಂಗೈಯಲ್ಲಿ ತಿಕ್ಕಿ, ಎಲ್ಲರೆದುರು ಮೂಸಿದಳು.

"ಬಸುರಿ ಊಟ ಎಂಜಲು ಮಾಡಿದ್ಲಲ್ಲೇ," ಎಂದಳು ಲೋಕಮ್ಮ. "ಹೋದ ವರ್ಷ ಗಂಡನ್ನ ಮಲಗಿಸಿದ್ದು ಸಾಲ್ಲಿಲ್ವೇನೆ ನಿಂಗೆ?"

ಶ್ರೀಲತಾ ಅಂಗೈಯನ್ನು ಅತ್ತೆಯ ಮುಂದೆ ಚಾಚಿದಳು. ಗುಡ್ಡಮ್ಮ ಆ ಕೈಯನ್ನು ತಡವಿ ಹಿಡಿದಳು. ಐವತ್ತು ವರ್ಷ ಈ ಹಬ್ಬ ಮಾಡಿದವಳು, ಒಂದು ಸಲವೂ ನೇಮ ಮುರಿದವಳಲ್ಲ. ಬಗ್ಗಿ, ಸೊಸೆಯ ಅಂಗೈಗೆ ಮೂಗಿಟ್ಟು ಉಸಿರೆಳೆದುಕೊಂಡಳು.

"ಉಮ್ಮತ್ತಿ," ಅಂದಳು. ಆಮೇಲೆ ಅಂದಳು, "ಹೋದ ವರ್ಷನೂ ಈ ಹುಡುಗಿ ನನ್ನ ಕೇಳ್ತು. ನಾನೇ ಹೆಚ್ಚು ಅಂದೆ. ನಂಗೆ ಕಣ್ಣು ಕಾಣದೆ ನಾಕು ವರ್ಷ ಆತು ಲೋಕಮ್ಮ. ಹೇಳಿದ್ರೆ ಯಾರು ನನ್ನ ಜಗಲಿ ಹತ್ತುತಿದ್ರಿ?"

ಹೆಂಗಸರು ಒಬ್ಬೊಬ್ಬರೇ ತಮ್ಮ ಸೊಪ್ಪು ಎತ್ತಿ, ಗುಡ್ಡಮ್ಮನನ್ನು ದಾಟಿ, ಶ್ರೀಲತಾಳ ಮುಂದೆ ತಂದು ಸುರಿದರು. ಮೂಸಿ ನೋಡೇ ತಾಯಿ, ಅಂದರು. ಒಂದು ವರ್ಷದಿಂದ ಅವಳು ಬಯಸಿದ್ದು ಇದನ್ನೇ. ಸಿಕ್ಕಾಗ ಮಾತ್ರ, ಬರಿಗೈಯಲ್ಲಿ ಗೋಡೆಗೆ ಒರಗಿ ಕೂತ ಮುದುಕಿಯ ಕಡೆ ನೋಡಲಾಗದೆ ತಲೆ ತಗ್ಗಿಸಿಕೊಂಡು ಎಲೆ ತಿಕ್ಕಿದಳು.

ಬೆಳಗಾಗುತ್ತ ಗದ್ದೆಯಲ್ಲಿ ಚರಗ ಚೆಲ್ಲಿ ಆಯಿತು. ಶ್ರೀಲತಾ ಗಂಡನಿಗೆ ಸೊಪ್ಪಿನ ಪಲ್ಯ ಬಡಿಸಿದಳು. ಸಂಗತಿ ಅವನ ಕಿವಿಗೂ ಬಿದ್ದಿತ್ತು. ಆದರೂ ಅವಳು ವರ್ಷದ ಅಭ್ಯಾಸದಂತೆ ತನಗೊಂದಿಷ್ಟು ಹಾಕಿಕೊಂಡು ಅವಸರವಾಗಿ ಮೊದಲ ತುತ್ತು ಕಲಸಿದಳು. ಅದನ್ನು ಬಾಯಿಗೆ ಎತ್ತುವಷ್ಟರಲ್ಲಿ ಶಿವರಾಮ ಅವಳ ಮಣಿಕಟ್ಟು ಹಿಡಿದು ಕೆಳಗಿಳಿಸಿ, ತಾನು ಉಂಡ.